ಆರು, ಏಳು, ಎಂಟನೇ ತರಗತಿಯ ಮಕ್ಕಳು ಕಥೆ, ಕವನ, ಪತ್ರದ ಸ್ಪರ್ಧೆಗೆ ಅಣಿಯಾಗುವುದು ಹೇಗೆ: ಕೋಲಾರದ ಪೋಷಕರಿಗೆ, ಮೇಷ್ಟ್ರುಗಳಿಗೆ

ನಮ್ಮ ಕಡೆ ಶಾಲೆಗಳಲ್ಲಿ ಬರೆಯುವ ಸ್ಪರ್ಧೆ ಎಂದರೆ ಇವತ್ತಿಗೂ ಪ್ರಬಂಧವೇ. ಆಗಸ್ಟ್‌ನಲ್ಲಿ ಸ್ವಾತಂತ್ರ್ಯ, ಅಕ್ಟೋಬರ್‌ನಲ್ಲಿ ಗಾಂಧೀಜಿ, ನವೆಂಬರ್‌ನಲ್ಲಿ ನಾಡು ನುಡಿ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಅಡಿಗೆರೆ ಎಳೆದು ಬರೆದವರಿಗೆ ಒಂದು ಸ್ಟೀಲ್ ತಟ್ಟೆಯೋ ಲೋಟವೋ ಸಿಗುತ್ತದೆ. ಕಥೆ, ಕವನ, ಪತ್ರ ಬರೆದು ಗೆಲ್ಲುವ ಸ್ಪರ್ಧೆಗಳೂ ಇವೆ. ಬಂಗಾರಪೇಟೆಯ ಸರ್ಕಾರಿ ಶಾಲೆಯ ಹುಡುಗಿ, ಮಾಲೂರಿನ ಕಾನ್ವೆಂಟಿನ ಹುಡುಗ ಇಬ್ಬರೂ ಅವುಗಳಲ್ಲಿ ಭಾಗವಹಿಸಬಹುದು. ಆದರೆ ಸುತ್ತೋಲೆ ಮುಖ್ಯೋಪಾಧ್ಯಾಯರ ಮೇಜಿನ ಗಾಜಿನ ಕೆಳಗೇ ಉಳಿದುಬಿಡುತ್ತದೆ, ಕೊನೆ ದಿನ ಗೊತ್ತಾಗುವಷ್ಟರಲ್ಲಿ ಮುಗಿದಿರುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ವಯಸ್ಸಿನ ಮಕ್ಕಳ ಬರಹ ಕೆಡುವುದು ದೊಡ್ಡವರು ತುಂಬಿಸಿದ ಮಾತುಗಳಿಂದ. ಮಗು ಕಂಡದ್ದನ್ನು ಮಗುವೇ ಬರೆಯಲಿ, ಸ್ಪರ್ಧೆಯ ನಿಯಮವನ್ನು ದೊಡ್ಡವರು ನೋಡಿಕೊಳ್ಳಲಿ. ಕೆಲಸ ಹೀಗೆ ಹಂಚಿಕೊಂಡರೆ ಅರ್ಧ ದಾರಿ ಸಾಗಿದ ಹಾಗೆ.

ಮೊದಲು, ಯಾವ ಸ್ಪರ್ಧೆ ಎಂದು ಗೊತ್ತುಮಾಡಿಕೊಳ್ಳಿ

ಎಲ್ಲರಿಗೂ ಗೊತ್ತಿರುವುದು ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿ. ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು), ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ. ಆರು ಮತ್ತು ಏಳನೇ ತರಗತಿಯವರು ಹಿರಿಯ ಪ್ರಾಥಮಿಕ ಗುಂಪಿಗೆ ಸೇರುತ್ತಾರೆ. ಎಂಟನೇ ತರಗತಿಗೆ ಬಂದ ಕೂಡಲೇ ಪ್ರೌಢಶಾಲೆಯ ದೊಡ್ಡ ಮಕ್ಕಳ ಎದುರು ನಿಲ್ಲಬೇಕು. ಹಾಗಾಗಿ ಏಳನೇ ತರಗತಿಯ ವರ್ಷವನ್ನು ಬಿಡಬೇಡಿ. ಇಲ್ಲಿ ಬರವಣಿಗೆಗಿಂತ ವೇದಿಕೆಗೇ ಹೆಚ್ಚು ಜಾಗ. ಆದರೂ ಬರೆಯುವ ಮಕ್ಕಳು ಕಥೆ ಹೇಳುವ ಸ್ಪರ್ಧೆಗೂ ಹೆಸರು ಕೊಡಲಿ. ಕೇಳುವವರು ಎಲ್ಲಿ ಆಕಳಿಸುತ್ತಾರೆ ಎಂಬುದು ಹಾಳೆಯ ಮೇಲೆ ಕಾಣುವುದಿಲ್ಲ, ಎದುರು ನಿಂತಾಗ ಕಾಣುತ್ತದೆ.

ಎರಡನೆಯದು ಬಾಲಭವನ. ದೆಹಲಿಯ ರಾಷ್ಟ್ರೀಯ ಬಾಲಭವನ 1995ರಲ್ಲಿ ಆರಂಭಿಸಿದ ಬಾಲಶ್ರೀ ಗೌರವದಲ್ಲಿ ಸೃಜನಾತ್ಮಕ ಬರವಣಿಗೆ ಎಂಬ ವಿಭಾಗವೇ ಇದೆ. ವಯಸ್ಸು 9ರಿಂದ 16. ನಮ್ಮ ರಾಜ್ಯದ ಬಾಲಭವನ ಕಲಾಶ್ರೀ ಶಿಬಿರ ಎಂಬ ಹೆಸರಿನಲ್ಲಿ ಇದೇ ಬಗೆಯ ಆಯ್ಕೆ ನಡೆಸುತ್ತದೆ. ಮನೆಯಲ್ಲಿ ಬರೆದು ತಂದದ್ದಕ್ಕೆ ಇಲ್ಲಿ ಬೆಲೆಯಿಲ್ಲ, ಅಲ್ಲೇ ವಿಷಯ ಕೊಟ್ಟು ಅಲ್ಲೇ ಬರೆಸುತ್ತಾರೆ. ರಾಜ್ಯದ ಬಾಲಭವನ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕೆಳಗೆ ಬರುವುದರಿಂದ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೇಳಿದರೆ ಸಾಲದು. ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ.

ಮೂರನೆಯದು ನನಗೆ ಅಚ್ಚುಮೆಚ್ಚಿನದು, ಅಂಚೆ ಇಲಾಖೆಯ ಢಾಯಿ ಆಖರ್ ಪತ್ರ ಬರೆಯುವ ಸ್ಪರ್ಧೆ. 18 ವರ್ಷದೊಳಗಿನವರಿಗೆ ಬೇರೆ ವಿಭಾಗ. ಇನ್‌ಲ್ಯಾಂಡ್ ಲೆಟರ್‌ನಲ್ಲಿ ಬರೆದರೆ 500 ಪದ, ಲಕೋಟೆಯಲ್ಲಿ ಹಾಳೆ ಇಟ್ಟು ಕಳಿಸಿದರೆ 1000 ಪದದ ಮಿತಿ. ಕನ್ನಡದಲ್ಲೇ ಬರೆಯಬಹುದು, ಆದರೆ ಕೈಬರಹವೇ ಆಗಬೇಕು. ರಾಜ್ಯಮಟ್ಟದಲ್ಲಿ 25,000, 10,000, 5,000 ರೂಪಾಯಿ ಬಹುಮಾನ, ರಾಷ್ಟ್ರಮಟ್ಟದಲ್ಲಿ 50,000, 25,000, 10,000. ಒಂದು ಇನ್‌ಲ್ಯಾಂಡ್ ಲೆಟರ್ ಕೊಳ್ಳುವ ಚಿಲ್ಲರೆ ಕಾಸು ಬಿಟ್ಟರೆ ಖರ್ಚಿಲ್ಲ.

ವಿಶ್ವ ಅಂಚೆ ಒಕ್ಕೂಟ 1971ರಿಂದ ನಡೆಸುತ್ತಿರುವ ಅಂತರರಾಷ್ಟ್ರೀಯ ಪತ್ರ ಸ್ಪರ್ಧೆಯೂ ನಮ್ಮಲ್ಲಿ ಅಂಚೆ ಇಲಾಖೆಯ ಮೂಲಕವೇ ನಡೆಯುತ್ತದೆ. ಅದು 9ರಿಂದ 15 ವಯಸ್ಸಿನವರಿಗೆ. ಪ್ರತಿ ದೇಶದಿಂದ ಆಯ್ದ ಒಂದೇ ಒಂದು ಪತ್ರ ಅಂತಿಮ ಸುತ್ತಿಗೆ ಹೋಗುತ್ತದೆ. ವಿಷಯದಲ್ಲಿ ಕಲ್ಪನೆಗೆ ಜಾಗ ಜಾಸ್ತಿ. ‘ನೀನು ಸಮುದ್ರ ಎಂದುಕೊಂಡು ಪತ್ರ ಬರೆ’ ಎಂಬಂಥವು ಬರುತ್ತವೆ. ಎರಡರ ಪ್ರಕಟಣೆಗೂ ಕೋಲಾರದ ಪ್ರಧಾನ ಅಂಚೆ ಕಚೇರಿಯ ನೋಟಿಸ್ ಬೋರ್ಡ್ ನೋಡಿ, ಇಲ್ಲವೇ ನಿಮ್ಮೂರಿನ ಪೋಸ್ಟ್‌ಮ್ಯಾನ್‌ಗೆ ಒಂದು ಮಾತು ಹೇಳಿಡಿ.

ವೀರ್ ಗಾಥಾ ಕೇಂದ್ರ ಸರ್ಕಾರದ್ದು, 2021ರಲ್ಲಿ ಶುರುವಾಯಿತು. ಶೌರ್ಯ ಪ್ರಶಸ್ತಿ ಪಡೆದ ಯೋಧರ ಬಗ್ಗೆ ಕವನ, ಬರಹ, ಚಿತ್ರ ಯಾವುದಾದರೂ ಸರಿ. ಇಲ್ಲಿ 6ರಿಂದ 8ನೇ ತರಗತಿ ಒಂದೇ ಗುಂಪು, ಬರಹ 300 ಪದದೊಳಗೆ. ಶಾಲೆಯೇ ಆರಿಸಿ ಪೋರ್ಟಲ್‌ಗೆ ಹಾಕಬೇಕು, ಪೋಷಕರು ನೇರವಾಗಿ ಕಳಿಸುವಂತಿಲ್ಲ. ಎಲ್ಲರೂ ಅದೇ ನಾಲ್ಕೈದು ಹೆಸರು ಹಿಡಿದು ಬರೆಯುತ್ತಾರೆ. ಹೆಸರು ಅಷ್ಟಾಗಿ ಕೇಳದ ಒಬ್ಬ ಯೋಧನನ್ನು ಹುಡುಕಿ, ಅವನ ಒಂದೇ ಒಂದು ದಿನವನ್ನು ಬರೆಸಿ.

ಇಂಗ್ಲಿಷ್ ಚೆನ್ನಾಗಿರುವ ಮಕ್ಕಳಿಗೆ ಕ್ವೀನ್ಸ್ ಕಾಮನ್‌ವೆಲ್ತ್ ಎಸ್ಸೇ ಕಾಂಪಿಟಿಷನ್ ಇದೆ. ರಾಯಲ್ ಕಾಮನ್‌ವೆಲ್ತ್ ಸೊಸೈಟಿ 1883ರಿಂದ ನಡೆಸಿಕೊಂಡು ಬಂದಿದೆ. 14 ತುಂಬದವರಿಗೆ ಜೂನಿಯರ್ ವಿಭಾಗ, ಪ್ರವೇಶ ಉಚಿತ. ಹೆಸರಿನಲ್ಲಿ ಎಸ್ಸೇ ಎಂದಿದ್ದರೂ ಕಥೆ, ಕವನ, ಪತ್ರದ ರೂಪದಲ್ಲೂ ಬರೆಯಬಹುದು.

ಇಂಟರ್‌ನೆಟ್‌ನಲ್ಲಿ ಹುಡುಕುವವರಿಗೆ ಒಂದು ಮಾತು. ಅಲ್ಲಿ ಮೊದಲು ಸಿಗುವುದು ಅಮೆರಿಕದ ಸ್ಪರ್ಧೆಗಳು. 1923ರಲ್ಲಿ ಆರಂಭವಾದ ಸ್ಕೊಲಾಸ್ಟಿಕ್ ಆರ್ಟ್ ಅಂಡ್ ರೈಟಿಂಗ್ ಅವಾರ್ಡ್ಸ್ ಬಹಳ ದೊಡ್ಡ ಹೆಸರು. ಆದರೆ ಅದು ಅಮೆರಿಕ, ಕೆನಡಾ ಕಡೆಯ 7ರಿಂದ 12ನೇ ತರಗತಿಯವರಿಗೆ ಇರುವಂಥದ್ದು. ಕೋಲಾರದಲ್ಲಿ ಕೂತು ಅದರ ಫಾರಂ ತುಂಬಲು ಹೋಗಬೇಡಿ. ಗೆದ್ದ ಮಕ್ಕಳ ಬರಹಗಳನ್ನು ಓದಿಸಬಹುದು, ಅದು ಲಾಭವೇ.

ಇನ್ನು ‘ನಿಮ್ಮ ಮಗುವಿನ ಕಥೆ ಆಯ್ಕೆಯಾಗಿದೆ, ಪುಸ್ತಕದಲ್ಲಿ ಅಚ್ಚಾಗಲು ಇಷ್ಟು ಹಣ ಕಟ್ಟಿ’ ಎಂದು ವಾಟ್ಸಾಪ್‌ನಲ್ಲಿ ಬರುವ ಸಂದೇಶಗಳು. ಕಳಿಸಿದವರೆಲ್ಲ ಆಯ್ಕೆಯಾಗುವ ಸ್ಪರ್ಧೆಯಲ್ಲಿ ಗೆಲ್ಲುವುದು ಅಚ್ಚು ಹಾಕಿಸುವವನೊಬ್ಬನೇ. ದುಡ್ಡು ಕೇಳಿದರೆ ಸುಮ್ಮನೆ ಬಿಟ್ಟುಬಿಡಿ.

ಎರಡನೆಯದು, ಸರಕು ಕೂಡಿಸುವುದು

ಸ್ಪರ್ಧೆಯ ಪ್ರಕಟಣೆ ಬಂದ ಮೇಲೆ ಬರೆಯಲು ಕೂತರೆ ಮಗುವಿಗೆ ಏನೂ ತೋಚುವುದಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾದಾಗಲೇ ಒಂದು ನೂರು ಪುಟದ ನೋಟ್‌ಬುಕ್ ಕೊಡಿ. ದಿನಕ್ಕೆ ನಾಲ್ಕೈದು ಸಾಲು ಸಾಕು. ನಿಯಮ ಒಂದೇ: ಇವತ್ತು ಕಣ್ಣಿಗೆ ಬಿದ್ದದ್ದು, ಕಿವಿಗೆ ಬಿದ್ದದ್ದು ಮಾತ್ರ. ‘ನನಗೆ ಖುಷಿಯಾಯಿತು’, ‘ಬೇಜಾರಾಯಿತು’ ಎಂಬುದು ಬೇಡ. ಖುಷಿಯಾದಾಗ ಏನು ನಡೆಯಿತು, ಅದನ್ನು ಬರೆಯಲಿ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಬರವೇ ಇಲ್ಲ. ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಅಪ್ಪನ ಜೊತೆ ಟೊಮೆಟೊ ಹಾಕಿಕೊಂಡು ಹೋದ ಹುಡುಗನಿಗೆ 15 ಕೆಜಿ ಬಾಕ್ಸು ಎಂದರೆ ಎಷ್ಟು ಭಾರ ಎಂದು ತೋಳಿಗೇ ಗೊತ್ತು. ಹರಾಜು ಕೂಗುವವನ ವೇಗ, ರೇಟು ಕೇಳಿದ ಕೂಡಲೇ ಅಪ್ಪನ ಮುಖ, ವಾಪಸು ಬರುವಾಗ ಬೋಂಡಾ ಕೊಡಿಸಿದನೋ ಇಲ್ಲವೋ ಎಂಬುದು. ಬೋಂಡಾ ಕೊಡಿಸದ ದಿನ ಒಂದು ಕಥೆ. ಅದರಲ್ಲಿ ‘ರೈತ ದೇಶದ ಬೆನ್ನೆಲುಬು’ ಎಂಬ ವಾಕ್ಯ ಬಂದರೆ ಕಥೆ ಅಲ್ಲಿಗೇ ಮುಗಿಯಿತು.

ರೇಷ್ಮೆ ಮನೆತನದ ಮಕ್ಕಳನ್ನು ಕೇಳಿ ನೋಡಿ. ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ಪೊರೆ ಬಿಡುತ್ತದೆ, ಆಗ ಸೊಪ್ಪು ಮುಟ್ಟುವುದಿಲ್ಲ, ಮನೆಯಲ್ಲಿ ಸದ್ದು ಮಾಡಬೇಡ ಎಂದು ಅಜ್ಜಿ ಬೈಯುತ್ತಾಳೆ. ಜ್ವರ ಬಿಟ್ಟು ಎದ್ದ ಹುಳು ಸೊಪ್ಪು ತಿನ್ನುವ ಸದ್ದು ರಾತ್ರಿಯಲ್ಲಿ ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ (ಬಿದಿರ ತಟ್ಟಿಗೆ) ಬಿಡುವ ದಿನ ಶಾಲೆಗೆ ಚಕ್ಕರ್. ಇಷ್ಟನ್ನೂ ಬಲ್ಲ ಮಗು ಸ್ಪರ್ಧೆಯಲ್ಲಿ ಕೂತು ತಾನು ನೋಡಿಯೇ ಇರದ ಕಡಲ ತೀರದ ಸೂರ್ಯಾಸ್ತ ಬರೆಯುತ್ತದೆ. ಕಡಲನ್ನೇ ಬರೆಯಬೇಕು ಎಂದು ಅದಕ್ಕೆ ಹೇಳಿಕೊಟ್ಟವರು ನಾವೇ.

ಕೆಜಿಎಫ್‌ನಲ್ಲಿ ತಾತಂದಿರು ಇನ್ನೂ ಇದ್ದಾರೆ. ಅಲ್ಲಿನ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಕೆಳಗೆ ಸೆಖೆ ಹೇಗಿತ್ತು, ಊಟದ ಡಬ್ಬಿ ಎಲ್ಲಿ ಇಡುತ್ತಿದ್ದರು, ಮೇಲೆ ಬಂದ ಕೂಡಲೇ ಮೊದಲು ಏನು ಮಾಡುತ್ತಿದ್ದರು ಎಂದು ಮಗು ಕೇಳಿ ಬರೆದುಕೊಳ್ಳಲಿ. ಕೆರೆ ಪಕ್ಕದ ಹಳ್ಳಿಯವರಾದರೆ ಇನ್ನೊಂದು ಪ್ರಶ್ನೆ. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನಲ್ಲಿ ಶುದ್ಧೀಕರಿಸಿದ ಕೊಳಚೆ ನೀರು, ನಮ್ಮ ಕೆರೆಗಳಿಗೆ ಬರಲು ಶುರುವಾಯಿತಲ್ಲ, ಅದಕ್ಕೆ ಮೊದಲು ಒಣಗಿದ ಕೆರೆಯಂಗಳದಲ್ಲಿ ಏನು ನಡೆಯುತ್ತಿತ್ತು? ಕ್ರಿಕೆಟ್ಟೋ, ಜಾಲಿ ಕಡಿಯುವುದೋ, ಕುರಿ ಮೇಯಿಸುವುದೋ? ಈಗಿನ ಆರನೇ ತರಗತಿಯ ಮಗುವಿಗೆ ಅದು ನೆನಪಿರುವುದಿಲ್ಲ. ಅಣ್ಣನನ್ನೋ ಅಜ್ಜಿಯನ್ನೋ ಕೇಳಲೇಬೇಕು, ಹಾಗೆ ಕೇಳುತ್ತಲೇ ಕಥೆ ಹುಟ್ಟುತ್ತದೆ.

ಓದುವುದಕ್ಕೆ ದುಡ್ಡು ಸುರಿಯಬೇಕಾಗಿಲ್ಲ. 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವಯಸ್ಸಿನ ಮಕ್ಕಳಿಗೆ ಸದಸ್ಯತ್ವ ಉಚಿತ. ಅರಿವು ಕೇಂದ್ರ ಎಂದು ಬೋರ್ಡ್ ಇರುತ್ತದೆ. ಕೋಲಾರದ ಸುತ್ತಮುತ್ತ ಇರುವವರು ಅಂತರಗಂಗೆ ಬೆಟ್ಟದ ಮೇಲಿನ ತೇರಹಳ್ಳಿಯ ಆದಿಮ ಸಾಂಸ್ಕೃತಿಕ ಕೇಂದ್ರಕ್ಕೆ ಒಂದು ಹುಣ್ಣಿಮೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ‘ಹುಣ್ಣಿಮೆ ಹಾಡು’ ಕಾರ್ಯಕ್ರಮದಲ್ಲಿ ಹಾಡು, ನಾಟಕ ಕೇಳಿದ ಕಿವಿಗೆ ಕನ್ನಡದ ಲಯ ತಾನಾಗಿ ಹತ್ತುತ್ತದೆ.

ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ: ಅಂಜಿಕೆ ಬೇಡ

ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಪೋಷಕರು ಹೇಳುವುದು ಇದನ್ನೇ: ‘ನಮ್ಮ ಮನೇಲಿ ತೆಲುಗು ಸಾರ್, ಅವನಿಗೆ ಕಥೆ ಬರೆಯೋವಷ್ಟು ಕನ್ನಡ ಎಲ್ಲಿ ಬರುತ್ತೆ?’ ಕೆಜಿಎಫ್‌ನಲ್ಲಿ ತೆಲುಗಿನ ಜಾಗದಲ್ಲಿ ತಮಿಳು, ಪಟ್ಟಣದ ಕೆಲವು ಬೀದಿಗಳಲ್ಲಿ ಉರ್ದು. ಇದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಮನೆಮಾತು ತಮಿಳು. ಕನ್ನಡದ ಸಣ್ಣಕತೆಗೆ ದಾರಿ ಹಾಕಿಕೊಟ್ಟವರು ಅವರು. 1983ರ ಜ್ಞಾನಪೀಠ ಬಂದದ್ದೂ ಅವರಿಗೇ. ಇದನ್ನು ಮಕ್ಕಳಿಗೆ ಹೇಳಿ.

ಮಾಡಬೇಕಾದ್ದು ಸರಳ. ಮಗು ಮೊದಲು ಕಥೆಯನ್ನು ಮನೆಮಾತಿನಲ್ಲೇ ಬಾಯಿಬಿಟ್ಟು ಹೇಳಲಿ. ಆಮೇಲೆ ಕನ್ನಡದಲ್ಲಿ ಬರೆಯಲಿ. ಪಾತ್ರಗಳ ಮಾತಿನಲ್ಲಿ ಒಂದೆರಡು ತೆಲುಗು ಪದ ಉಳಿದರೆ ಉಳಿಯಲಿ, ಅರ್ಥ ಸಂದರ್ಭದಿಂದ ತಿಳಿಯುವಂತಿದ್ದರೆ ಸಾಕು. ಮಾರ್ಕೆಟ್‌ನಲ್ಲಿ ನಿಂತ ಮಂಡಿಯವನು ಪಠ್ಯಪುಸ್ತಕದ ಕನ್ನಡ ಆಡುವುದಿಲ್ಲವಲ್ಲ. ‘ಏನಣ್ಣ, ಇವತ್ತು ಮಾಲು ಮೆತ್ತಗೈತೆ’ ಎಂದೇ ಬರೆಯಲಿ. ಕಥೆ ಹೇಳುವವನ ವಾಕ್ಯಗಳು ಮಾತ್ರ ಶುದ್ಧವಾಗಿರಬೇಕು. ಅಲ್ಲಿ ಶ-ಷ-ಸ, ಲ-ಳ, ಅಲ್ಪಪ್ರಾಣ-ಮಹಾಪ್ರಾಣ, ಒತ್ತಕ್ಷರ ನೋಡಿ. ‘ಹ’ ನುಂಗುವ ಅಭ್ಯಾಸ ನಮ್ಮ ಕಡೆ ಹೆಚ್ಚು, ‘ಹಾಕಿ’ ಎನ್ನುವುದು ‘ಆಕಿ’ ಆಗಿಬಿಡುತ್ತದೆ. ತಿದ್ದುವಾಗ ಇದೊಂದನ್ನೇ ಹುಡುಕಿಕೊಂಡು ಒಂದು ಸಲ ಓದಿಸಿ.

ಮೂರನೆಯದು, ಬರೆಯುವುದು

ಕಥೆಗೆ ಈ ವಯಸ್ಸಿನಲ್ಲಿ ಒಂದು ಅಳತೆ ಇಟ್ಟುಕೊಳ್ಳಿ: ಒಂದೇ ದಿನ, ಎರಡು ಮೂರು ಜನ, ಒಂದು ತೊಡಕು. ಹುಟ್ಟಿದ್ದು, ಬೆಳೆದದ್ದು, ಓದಿ ಕಲೆಕ್ಟರ್ ಆಗಿ ಊರಿಗೆ ಬಂದದ್ದು ಎಲ್ಲವನ್ನೂ ಎರಡು ಪುಟದಲ್ಲಿ ತುಂಬುವ ಕಥೆಗಳು ರಾಶಿ ರಾಶಿ ಬರುತ್ತವೆ. ‘ಒಂದಾನೊಂದು ಊರಿನಲ್ಲಿ’ ಬೇಡ, ಕೆಲಸ ನಡೆಯುತ್ತಿರುವ ಜಾಗದಿಂದ ಶುರುವಾಗಲಿ. ಕೊನೆಗೆ ‘ಇದರಿಂದ ನಾವು ತಿಳಿಯುವ ನೀತಿ’ ಎಂಬ ಸಾಲನ್ನಂತೂ ಕೈಹಿಡಿದು ಹೊಡೆದುಹಾಕಿಸಿ.

ಉದಾಹರಣೆಗೆ ವಿಷಯ ‘ಮಳೆ’ ಎಂದುಕೊಳ್ಳಿ. ಹತ್ತರಲ್ಲಿ ಎಂಟು ಮಕ್ಕಳು ‘ಮಳೆ ಪ್ರಕೃತಿಯ ವರದಾನ’ ಎಂದು ಶುರುಮಾಡುತ್ತಾರೆ. ಇದನ್ನು ನೋಡಿ: ‘ಮೋಡ ಕಪ್ಪಾದರೆ ಅಮ್ಮ ಬಟ್ಟೆ ತೆಗೆಯಲು ಓಡುವುದಿಲ್ಲ. ಹುಳುವಿಗೆ ಕೊಯ್ದಿಟ್ಟ ಸೊಪ್ಪಿನ ಹೊರೆ ಒಳಗೆ ತರಲು ಓಡುತ್ತಾಳೆ. ನನ್ನ ಯೂನಿಫಾರಂ ನೆನೆದರೆ ನೆನೆಯಲಿ, ಸೊಪ್ಪು ನೆನೆಯಬಾರದು.’ ಮೂರೇ ಸಾಲು, ಅಷ್ಟರಲ್ಲಿ ಮನೆಯೂ ಕಂಡಿತು, ಅಮ್ಮನೂ ಕಂಡಳು. ಮಗುವಿನ ಸಣ್ಣ ಹೊಟ್ಟೆಕಿಚ್ಚೂ ಕಂಡಿತು. ತೀರ್ಪುಗಾರರು ಮುಂದೆ ಓದುತ್ತಾರೆ.

ಕವನದಲ್ಲಿ ಪ್ರಾಸದ ಹಿಂದೆ ಬಿದ್ದು ಅರ್ಥ ಕಳೆದುಕೊಳ್ಳುವುದು ಸಾಮಾನ್ಯ. ಪ್ರಾಸ ಬೇಕೆಂದೇನೂ ಇಲ್ಲ, ಲಯ ಬೇಕು. ಮಗು ಬರೆದದ್ದನ್ನು ಅಂಗೈ ತಟ್ಟುತ್ತಾ ಓದಲಿ, ತಾಳ ತಪ್ಪುವ ಜಾಗದಲ್ಲಿ ಒಂದು ಪದ ಹೆಚ್ಚಾಗಿರುತ್ತದೆ ಅಥವಾ ಕಡಿಮೆಯಾಗಿರುತ್ತದೆ.

ಪತ್ರಕ್ಕೆ ಇನ್ನಷ್ಟು ಹೇಳಬೇಕು, ಏಕೆಂದರೆ ಈಗಿನ ಮಕ್ಕಳು ಪತ್ರವನ್ನೇ ಕಂಡಿಲ್ಲ. ರಜೆ ಅರ್ಜಿ ಬಿಟ್ಟರೆ ಬೇರೇನೂ ಗೊತ್ತಿಲ್ಲ. 2024-25ರ ಢಾಯಿ ಆಖರ್‌ನ ವಿಷಯ ಬರೆಯುವ ಖುಷಿ, ಡಿಜಿಟಲ್ ಯುಗದಲ್ಲಿ ಪತ್ರಗಳ ಮಹತ್ವ ಎಂಬುದಾಗಿತ್ತು. ಇಂಥ ವಿಷಯ ಕಂಡ ಕೂಡಲೇ ಮಗು ಪ್ರಬಂಧಕ್ಕೆ ಜಾರಿ, ಮೇಲೆ ‘ಪ್ರಿಯ ಗೆಳೆಯನೇ’ ಎಂದು ಅಂಟಿಸುತ್ತದೆ. ಹಾಗಲ್ಲ. ಮೊದಲು ಯಾರಿಗೆ ಎಂದು ತೀರ್ಮಾನವಾಗಬೇಕು. ಪಿಂಚಣಿಯ ಹಣ ತರುವ ಪೋಸ್ಟ್‌ಮ್ಯಾನ್ ಮಾಮನಿಗೆ ಬರೆದರೆ? ‘ನೀವು ಬರುವ ದಿನ ಅಜ್ಜಿ ಬೆಳಿಗ್ಗೆಯೇ ತಲೆ ಬಾಚಿಕೊಂಡು ಜಗಲಿ ಮೇಲೆ ಕೂತಿರುತ್ತಾರೆ, ನಿಮಗೆ ಗೊತ್ತಾ?’ ಎಂದು ಶುರುವಾದ ಪತ್ರ ಮಹತ್ವದ ಬಗ್ಗೆ ಒಂದು ಮಾತೂ ಆಡದೆ ಮಹತ್ವವನ್ನು ಹೇಳಿ ಮುಗಿಸುತ್ತದೆ. ನಿಜವಾಗಿ ಅವರಿಗೆ ತಲುಪಿಸುವಂಥ ಪತ್ರವೇ ಆಗಿರಲಿ.

ಇನ್‌ಲ್ಯಾಂಡ್ ಲೆಟರ್‌ನಲ್ಲಿ ಜಾಗ ಕಡಿಮೆ. ಅದೇ ಅಳತೆಗೆ ಕತ್ತರಿಸಿದ ಬಿಳಿ ಹಾಳೆಯಲ್ಲಿ ಒಮ್ಮೆ ಪೂರ್ತಿ ಬರೆದು ನೋಡಿಕೊಂಡು ಆಮೇಲೆ ಅದರ ಮೇಲೆ ಬರೆಯಲಿ. 500 ಪದದ ಮಿತಿ ಎಂದರೆ 500 ಬರೆಯಲೇಬೇಕು ಎಂದಲ್ಲ. ಕನ್ನಡದಲ್ಲಿ ‘ಹೋಗಬೇಕಾಗಿತ್ತು’ ಎಂಬುದು ಒಂದೇ ಪದ. 300 ಪದದಲ್ಲಿ ಬೇಕಾದಷ್ಟು ಹೇಳಬಹುದು.

ಅಲ್ಲೇ ವಿಷಯ ಕೊಡುವ ಸ್ಪರ್ಧೆಯಾದರೆ ಗಡಿಯಾರ ನೋಡುವುದನ್ನು ಕಲಿಸಬೇಕು. ಒಂದು ಗಂಟೆ ಇದ್ದರೆ ಮೊದಲ ಹತ್ತು ನಿಮಿಷ ಪೆನ್ನು ಮುಟ್ಟುವಂತಿಲ್ಲ. ವಿಷಯ ನೋಡಿದ ಕೂಡಲೇ ತಲೆಗೆ ಬರುವ ಮೊದಲ ಯೋಚನೆ ಪಕ್ಕದ ಬೆಂಚಿನವನಿಗೂ ಬಂದಿರುತ್ತದೆ, ಎರಡನೆಯದೂ ಹೆಚ್ಚು ಕಡಿಮೆ ಹಾಗೆಯೇ. ಮೂರನೆಯದಕ್ಕೆ ಕಾಯಲಿ. ಆಮೇಲೆ ಮೂವತ್ತೈದು ನಿಮಿಷ ಬರವಣಿಗೆ, ಹತ್ತು ನಿಮಿಷ ಓದಿ ತಿದ್ದುವುದು. ಮಿಕ್ಕ ಐದು ನಿಮಿಷ ಶೀರ್ಷಿಕೆಗೆ, ನೋಂದಣಿ ಸಂಖ್ಯೆಗೆ. ಶೀರ್ಷಿಕೆಯನ್ನು ಕೊನೆಗೆ ಇಡುವುದೇ ಒಳ್ಳೆಯದು. ವಾರಕ್ಕೊಂದು ಸಲ ಭಾನುವಾರ ಮನೆಯಲ್ಲೇ ಹೀಗೆ ಅಭ್ಯಾಸ ಮಾಡಿಸಿ. ಚೀಟಿ ಎತ್ತಿ ವಿಷಯ ಕೊಡಿ: ಕಳೆದುಹೋದ ಚಪ್ಪಲಿ, ಕರೆಂಟು ಹೋದ ರಾತ್ರಿ, ಬಸ್ಸಿನ ಕೊನೆಯ ಸೀಟು.

ತಿದ್ದುವಾಗ ನಿಮ್ಮ ಕೈ ಎಲ್ಲಿ ನಿಲ್ಲಬೇಕು

ಕೆಂಪು ಪೆನ್ನು ಹಿಡಿದು ಕೂರಬೇಡಿ. ಪೋಷಕರು, ಶಿಕ್ಷಕರು ಕೇಳಬಹುದಾದ್ದು ಪ್ರಶ್ನೆಗಳನ್ನು ಮಾತ್ರ. ‘ಇಲ್ಲಿ ಅವನು ಯಾಕೆ ಓಡಿದ?’, ‘ಆ ಕೋಣೆಯಲ್ಲಿ ಏನು ವಾಸನೆ ಬರುತ್ತಿತ್ತು?’ ಉತ್ತರವನ್ನು ಮಗುವೇ ಬರೆಯಲಿ. ನೀವು ಒಂದು ಸುಂದರ ಗಾದೆ ಸೇರಿಸಿದರೆ ಹನ್ನೆರಡರ ಮಗುವಿನ ಮಾತಿನ ನಡುವೆ ಐವತ್ತರ ಧ್ವನಿ ಕೇಳಿಸುತ್ತದೆ. ಅನುಭವ ಇರುವ ತೀರ್ಪುಗಾರರಿಗೆ ಅದು ಗೊತ್ತಾಗದೆ ಇರುವುದಿಲ್ಲ.

ಚಾಟ್‌ಜಿಪಿಟಿಯಿಂದ ಬರೆಸುವ ವಿಷಯವೂ ಇಲ್ಲೇ ಬರುತ್ತದೆ. ಈ ಸ್ಪರ್ಧೆಗಳೆಲ್ಲ ಮಗುವಿನ ಸ್ವಂತ ರಚನೆಗೆ. ಮೊಬೈಲ್‌ನಿಂದ ಇಳಿಸಿ ನಕಲು ಮಾಡಿದ ಬರಹ ಸಿಕ್ಕಿಬಿದ್ದರೆ ಹೋಗುವುದು ಮಗುವಿನ ಹೆಸರು. ಕರಡು ಹಾಳೆಗಳನ್ನು, ಗೀಚಿದ್ದು ಹೊಡೆದುಹಾಕಿದ್ದೆಲ್ಲ ಇರುವಂತೆಯೇ ಫೈಲಿನಲ್ಲಿ ಇಡಿ. ಯಾರಾದರೂ ಅನುಮಾನಪಟ್ಟರೆ ಅದೇ ಉತ್ತರ.

ಮೂರು ಕರಡು ಸಾಕು. ಮೊದಲನೆಯದು ಮನಸ್ಸಿಗೆ ಬಂದಂತೆ. ಎರಡು ದಿನ ಬಿಟ್ಟು ಗಟ್ಟಿಯಾಗಿ ಓದಿಸಿ, ತಡವರಿಸಿದ ಜಾಗದಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿಸಿ ಎರಡನೆಯದು. ಮೂರನೆಯದು ಕಾಗುಣಿತಕ್ಕೆ, ಅಂದವಾದ ಅಕ್ಷರಕ್ಕೆ. ಅದಕ್ಕಿಂತ ಹೆಚ್ಚಾದರೆ ಬರಹದ ಕಸುವು ಹೋಗುತ್ತದೆ, ಮಗುವಿಗೂ ರೋಸಿಹೋಗುತ್ತದೆ.

ಕೊನೆಯದು, ಕಳಿಸುವುದು

ಇದು ಪೂರ್ತಿ ದೊಡ್ಡವರ ಕೆಲಸ. ವಯಸ್ಸನ್ನು ಯಾವ ತಾರೀಖಿಗೆ ಲೆಕ್ಕ ಹಾಕುತ್ತಾರೆ ನೋಡಿ. ಹೆಸರು ಎಲ್ಲಿ ಬರೆಯಬೇಕು, ಎಲ್ಲಿ ಬರೆಯಬಾರದು ಓದಿಕೊಳ್ಳಿ. ಕೆಲವು ಸ್ಪರ್ಧೆಗಳಲ್ಲಿ ಬರಹದ ಹಾಳೆಯ ಮೇಲೆ ಹೆಸರಿದ್ದರೆ ಅದನ್ನು ಬದಿಗಿಡುತ್ತಾರೆ. ಢಾಯಿ ಆಖರ್‌ಗೆ ‘ನನಗೆ 18 ವರ್ಷ ತುಂಬಿಲ್ಲ’ ಎಂಬ ದೃಢೀಕರಣದ ಸಾಲು ಪತ್ರದಲ್ಲೇ ಇರಬೇಕು. ಪುಟ ಪುಟವೂ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಂಡ ಮೇಲೆಯೇ ಅಂಟಿಸಿ, ಒಮ್ಮೆ ಡಬ್ಬಿಗೆ ಬಿದ್ದ ಪತ್ರ ವಾಪಸು ಬರುವುದಿಲ್ಲ. ಶಾಲೆಯ ಮೂಲಕ ಹೋಗುವ ಸ್ಪರ್ಧೆಯಾದರೆ ಕೊನೆ ದಿನಕ್ಕೆ ಒಂದು ವಾರ ಮೊದಲೇ ಮಿಸ್ ಕೈಗೆ ಕೊಡಿ. ಪೋರ್ಟಲ್ ಕೊನೆಯ ದಿನ ತೆರೆಯದಿದ್ದರೆ ಅವರನ್ನು ದೂರಿ ಉಪಯೋಗವಿಲ್ಲ.

ಫಲಿತಾಂಶಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಬಹುಮಾನ ಬಾರದ ಕಥೆಯನ್ನು ಬಿಸಾಡಬೇಡಿ. ಶಾಲೆಯ ಗೋಡೆ ಪತ್ರಿಕೆಗೆ ಹಾಕಿಸಿ, ಇಲ್ಲವೇ ದಿನಪತ್ರಿಕೆಗಳ ಮಕ್ಕಳ ಪುಟಕ್ಕೆ ಮಗುವಿನ ಹೆಸರು, ತರಗತಿ, ಶಾಲೆ ಬರೆದು ಕಳಿಸಿ. ಮುಂದಿನ ವರ್ಷ ಅದೇ ಕಥೆಯನ್ನು ಬೇರೆ ಸ್ಪರ್ಧೆಗೆ ಕಳಿಸುವುದಾದರೆ ಒಂದು ಎಚ್ಚರಿಕೆ: ಅಚ್ಚಾಗಿರುವ ಬರಹವನ್ನು ಬಹಳಷ್ಟು ಸ್ಪರ್ಧೆಗಳು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಯಾವುದನ್ನು ಅಚ್ಚಿಗೆ ಕೊಡುವುದು, ಯಾವುದನ್ನು ತಿದ್ದಿ ಇಟ್ಟುಕೊಳ್ಳುವುದು ಎಂದು ಮಗುವಿನ ಜೊತೆ ಕೂತು ಮೊದಲೇ ತೀರ್ಮಾನಿಸಿ.